ಲಿಫ್ಟಿನಲ್ಲಿ ಇಬ್ಬರೇ

ಐದು ತಿಂಗಳು ಬಾಗಿಲು ಹಾಕಿದ್ದ ಆ ಆರು ಮಹಡಿಯ ಕಟ್ಟಡ ಸೋಮವಾರ ತೆರೆಯುತ್ತದೆ ಎಂಬ ಸುದ್ದಿ ಲಿಫ್ಟಕ್ಕನ ಫೋನಿಗೆ ಬಂದದ್ದು ಗುರುವಾರ ಬೆಳಿಗ್ಗೆ, ಅವಳು ಅಮ್ಮನ ತಲೆ ಬಾಚುತ್ತಿದ್ದಾಗ. ಸುದ್ದಿಯ ಬಾಲಕ್ಕೆ ಹನ್ನೊಂದು ಪುಟದ ನಿಯಮಾವಳಿ. ಕಟ್ಟಡದ ಸಂಘದ ಕಾರ್ಯದರ್ಶಿ ಬರೆಸಿದ್ದು. ಲಾಕ್‌ಡೌನಿನ ಐದು ತಿಂಗಳಲ್ಲಿ ಒಂದು ದಿನವೂ ಫೋನು ಮಾಡಿ ಬದುಕಿದ್ದೀರಾ ಎಂದು ಕೇಳದ ಮನುಷ್ಯನಿಗೆ ಹನ್ನೊಂದು ಪುಟ ಬರೆಸುವಷ್ಟು ಪುರುಸೊತ್ತು ಎಲ್ಲಿಂದ ಬಂತೋ, ಅವನಿಗೇ ಗೊತ್ತು.

ಅಮ್ಮ ಎಲ್ಲವನ್ನೂ ಗಟ್ಟಿಯಾಗಿ ಓದಿಸಿದಳು. ಅವಳ ಕಣ್ಣು ಮಂಜು, ಎದೆ ಪೊಳ್ಳು, ಕಿವಿ ಮಾತ್ರ ಪಕ್ಕದ ಮನೆಯ ಪಿಸುಮಾತಿಗೂ ನೆಟ್ಟಗಾಗುವಂಥದ್ದು. ಲಿಫ್ಟಕ್ಕ ಓದುತ್ತಾ ಹೋದಳು. ಕೊಡೆಯನ್ನು ಯಾವ ಕೈಯಲ್ಲಿ ಹಿಡಿಯಬೇಕು, ಚಪ್ಪಲಿಯನ್ನು ಎಲ್ಲಿ ಒರೆಸಬೇಕು, ವರಾಂಡದ ಹೂಕುಂಡಗಳ ನಡುವೆ ಎಷ್ಟು ಅಂತರ ಇರಬೇಕು. ಹೂಕುಂಡಗಳು ಒಂದಕ್ಕೊಂದು ಕೆಮ್ಮುತ್ತವೇನೋ ಎಂದು ಅಮ್ಮ ನಕ್ಕು, ನಗು ಕೆಮ್ಮಾಗಿ, ಎರಡು ನಿಮಿಷ ಗೋಡೆ ಹಿಡಿದು ಕೂತಳು. ಆಮೇಲೆ ಐದನೇ ಪುಟ ಬಂತು.

ಲಿಫ್ಟಿನಲ್ಲಿ ಏಕಕಾಲಕ್ಕೆ ಇಬ್ಬರೇ ಇರತಕ್ಕದ್ದು. ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ನಿಲ್ಲತಕ್ಕದ್ದು. ಮಾತನಾಡತಕ್ಕದ್ದಲ್ಲ. ಗಾಳಿಯಾಡದ ಸ್ಥಳವಾದ್ದರಿಂದ ಯಾವುದೇ ವ್ಯಕ್ತಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಲಿಫ್ಟಿನೊಳಗೆ ಇರತಕ್ಕದ್ದಲ್ಲ.

"ಮತ್ತೆ ನೀನೆಲ್ಲಿರ್ತೀಯ?" ಎಂದಳು ಅಮ್ಮ.

ಲಿಫ್ಟಕ್ಕ ಪುಟ ತಿರುವಿದಳು. ಮೊದಲಿನಿಂದ ಕೊನೆಯವರೆಗೆ, ಕೊನೆಯಿಂದ ಮೊದಲಿನವರೆಗೆ ಹುಡುಕಿದಳು. ಕಾವಲುಗಾರನಿಗೆ ಅರ್ಧ ಪುಟ ಇತ್ತು. ಕಸ ಗುಡಿಸುವವರಿಗೆ ನಾಲ್ಕು ಸಾಲು. ಹೂಕುಂಡಗಳಿಗೆ ಎರಡು. ಲಿಫ್ಟು ನಡೆಸುವವಳು ಒಬ್ಬಳಿದ್ದಾಳೆ ಎಂಬ ಮಾತು ಹನ್ನೊಂದು ಪುಟದಲ್ಲಿ ಎಲ್ಲೂ ಇರಲಿಲ್ಲ. ದಿನಕ್ಕೆ ಎಂಟು ಗಂಟೆ ಆ ಡಬ್ಬಿಯೊಳಗೇ ಇರುವ ಹೆಂಗಸಿಗೆ, ಒಂದು ನಿಮಿಷಕ್ಕಿಂತ ಹೆಚ್ಚಿದ್ದರೆ ಅಪಾಯ ಎಂದು ಅವಳದೇ ಕಟ್ಟಡದವರು ಬರೆದು ಕಳಿಸಿದ್ದರು. ಓದಿದ ಅವಳಿಗೆ ಮೈಯೆಲ್ಲ ಉರಿಯಿತು.

ಈ ಲಿಫ್ಟಕ್ಕನ ವಿಷಯ ಸ್ವಲ್ಪ ಹೇಳಬೇಕು. ಅವಳಿಗೆ ಈಗ ನಲವತ್ತೊಂಬತ್ತು. ಇಪ್ಪತ್ತೇಳರಲ್ಲಿ ಮೆಟ್ಟಿಲು ಒರೆಸುವವಳಾಗಿ ಆ ಕಟ್ಟಡಕ್ಕೆ ಬಂದವಳು. ಆಗಿನ ಲಿಫ್ಟಜ್ಜನಿಗೆ ಊಟವಾದ ಮೇಲೆ ಕಣ್ಣು ಎಳೆಯುತ್ತಿತ್ತು. ಅರ್ಧ ಗಂಟೆ ನೋಡ್ಕೋ ಮಗಳೇ ಎಂದು ಲಿಫ್ಟಿನ ಹಿಡಿಯನ್ನು ಅವಳ ಕೈಗೆ ಕೊಟ್ಟು ಮೆಟ್ಟಿಲ ಕೆಳಗೆ ಒರಗಿಬಿಡುತ್ತಿದ್ದ. ಹಾಗೆ ಅರ್ಧರ್ಧ ಗಂಟೆಯಲ್ಲಿ ಕಲಿತ ವಿದ್ಯೆ. ಅಜ್ಜ ನಿವೃತ್ತನಾದಾಗ ಬೇರೆ ಇಬ್ಬರನ್ನು ತಂದು ಕೂರಿಸಿ ನೋಡಿದರು. ಒಬ್ಬ ಜನರನ್ನು ಮಹಡಿಗಿಂತ ಒಂದು ಗೇಣು ಮೇಲೆ ಇಳಿಸಿದ, ಇನ್ನೊಬ್ಬ ಒಂದು ಗೇಣು ಕೆಳಗೆ. ಸಮಕ್ಕೆ ನಿಲ್ಲಿಸಲು ಬರುತ್ತಿದ್ದದ್ದು ಈ ಮೆಟ್ಟಿಲು ಒರೆಸುವವಳಿಗೆ ಮಾತ್ರ. ಬೇರೆ ದಾರಿಯಿಲ್ಲದೆ ಕೆಲಸ ಅವಳಿಗೆ ಬಂತು.

ಗುಂಡಿ ಒತ್ತಿದರೆ ತಾನೇ ಹೋಗಿ ತಾನೇ ನಿಲ್ಲುವ ಲಿಫ್ಟಲ್ಲ ಅದು. ಹಿತ್ತಾಳೆಯ ಒಂದು ಹಿಡಿ. ಎಡಕ್ಕೆ ತಳ್ಳಿದರೆ ಮೇಲೆ, ಬಲಕ್ಕೆ ತಳ್ಳಿದರೆ ಕೆಳಗೆ, ನಡುವೆ ಬಿಟ್ಟರೆ ನಿಲ್ಲುತ್ತದೆ. ಬಿಟ್ಟ ತಕ್ಷಣ ನಿಲ್ಲುವುದಿಲ್ಲ, ಸ್ವಲ್ಪ ಜಾರಿ ನಿಲ್ಲುತ್ತದೆ. ಎಷ್ಟು ಜಾರುತ್ತದೆ ಎನ್ನುವುದು ಒಳಗಿರುವವರ ಭಾರ ಅವಲಂಬಿಸಿದ್ದು. ಮೂರನೇ ಮಹಡಿಯ ಹಲ್ಲಿನ ಡಾಕ್ಟರ ಬಳಿ ಹೋಗುವ ಸಣಕಲು ಹುಡುಗಿಗೆ ಒಂದು ಲೆಕ್ಕ, ಎರಡನೇ ಮಹಡಿಯ ವಿಮಾ ಕಚೇರಿಯ ದಢೂತಿ ಮ್ಯಾನೇಜರಿಗೆ ಇನ್ನೊಂದು. ಮುಂದೆ ಮಡಚುವ ಎರಡು ಜಾಲರಿ ಬಾಗಿಲು, ಉಳಿದ ಮೂರು ಕಡೆ ತಗಡು. ಚಾವಣಿಯ ಪುಟ್ಟ ಫ್ಯಾನು ತಿರುಗುವುದನ್ನು ಬಿಟ್ಟು ಎಂಟು ವರ್ಷವಾಗಿತ್ತು. ಅದನ್ನು ರಿಪೇರಿ ಮಾಡಿಸಿ ಎಂದು ಅವಳು ಮೂರು ಸಲ ಚೀಟಿ ಬರೆದು ಕೊಟ್ಟಿದ್ದಳು. ಯಾರೂ ಸೊಪ್ಪು ಹಾಕಿರಲಿಲ್ಲ.

ಸಿಟ್ಟು ಅವಳಿಗೆ ಹೊಸದೇನಲ್ಲ. ಒಂದು ಬಗೆಯ ಸಿಟ್ಟನ್ನಂತೂ ಅವಳು ವರ್ಷಗಟ್ಟಲೆ ನುಂಗಿಕೊಂಡು ಬಂದಿದ್ದಳು. ಜನ ಫೋನಿನಲ್ಲಿ ಮಾತಾಡುತ್ತಲೇ ಲಿಫ್ಟು ಹತ್ತುತ್ತಾರೆ. ಆ ಕಡೆಯವರು ಏನೋ ಗುಟ್ಟು ಹೇಳಬೇಕು ಎನ್ನುತ್ತಾರೆ. ಆಗ ಇವರು, ಅವಳಿಂದ ಒಂದು ಮೊಳ ದೂರದಲ್ಲಿ ನಿಂತು, "ಹೇಳು ಹೇಳು, ಲಿಫ್ಟಲ್ಲಿದ್ದೀನಿ, ಯಾರೂ ಇಲ್ಲ" ಎನ್ನುತ್ತಾರೆ. ಯಾರೂ ಇಲ್ಲ! ಹಿಡಿ ಹಿಡಿದುಕೊಂಡಿರುವ ಕೈ ಯಾರದು, ದೆವ್ವದ್ದೇ? ಈ ಮಾತನ್ನು ಅವಳು ಎಷ್ಟು ಬಾಯಲ್ಲಿ ಕೇಳಿದ್ದಾಳೆ ಎನ್ನುವುದಕ್ಕೆ ಲೆಕ್ಕವಿಲ್ಲ.

ಆದರೆ ಈ ಸಲದ ವಿಷಯ ಬರೀ ಮಾನದ್ದಲ್ಲ. ಅಮ್ಮ ಇಪ್ಪತ್ತಾರು ವರ್ಷ ನೂಲಿನ ಗಿರಣಿಯಲ್ಲಿ ದುಡಿದವಳು. ಹತ್ತಿಯ ಧೂಳು ಅವಳ ಎದೆಯ ಅರ್ಧವನ್ನು ತಿಂದು ಹಾಕಿತ್ತು. ಈ ಸೋಂಕು ಇವರಿಗೆ ತಗುಲಿದರೆ ನಾವು ಮಾಡುವಂಥದ್ದು ಹೆಚ್ಚೇನಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಮನೆಯಲ್ಲಿ ಇರುವವರು ಇವರಿಬ್ಬರೇ, ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಲಿಫ್ಟಕ್ಕ ಆ ಡಬ್ಬಿಯಲ್ಲಿ ಉಸಿರಾಡಿದ್ದು ಸಂಜೆ ಅಮ್ಮನ ಪಕ್ಕಕ್ಕೆ ಬಂದು ಕೂರುತ್ತದೆ. ಹೋದರೆ ಅಮ್ಮನ ಜೀವಕ್ಕೆ ಸಂಚಕಾರ, ಹೋಗದಿದ್ದರೆ ಕೆಲಸಕ್ಕೆ. ಅವಳು ತೀರ್ಮಾನಿಸಬೇಕಾಗಿದ್ದದ್ದು ಇಷ್ಟೇ.

ಶನಿವಾರ ಎಲ್ಲ ಸಿಬ್ಬಂದಿ ಬಂದು ತಾಲೀಮು ಮಾಡಬೇಕೆಂದು ಅಪ್ಪಣೆಯಾಗಿತ್ತು. ಲಿಫ್ಟಕ್ಕ ಹೋದಳು. ಬಾಗಿಲಲ್ಲಿ ಕಾವಲುಗಾರ ಅವಳ ಹಣೆಗೆ ಜ್ವರ ನೋಡುವ ಪಿಸ್ತೂಲು ಹಿಡಿದು, ಕಣ್ಣಲ್ಲೇ ನಕ್ಕು ಒಳಗೆ ಬಿಟ್ಟ. ಲಿಫ್ಟಿನ ಜಾಲರಿ ಸರಿಸಿ ನೋಡುತ್ತಾಳೆ, ನೆಲಕ್ಕೆ ಹಳದಿ ಬಣ್ಣದ ಎರಡು ಜೊತೆ ಪಾದ ಅಂಟಿಸಿದ್ದಾರೆ. ಒಂದು ಜೊತೆ ಹಿಂದಿನ ಮೂಲೆಯಲ್ಲಿ. ಇನ್ನೊಂದು ಹಿಡಿಯ ಪಕ್ಕದಲ್ಲಿ, ಅವಳ ಸ್ಟೂಲು ಇರುತ್ತಿದ್ದ ಜಾಗದಲ್ಲೇ. ಸ್ಟೂಲು ಮೆಟ್ಟಿಲ ಕೆಳಗೆ ಪೊರಕೆಗಳ ಜೊತೆ ಬಿದ್ದಿತ್ತು.

ಕಾರ್ಯದರ್ಶಿ ಬಂದ. ಮೂವತ್ತೆಂಟರ ಪ್ರಾಯ, ದಿನಾ ಬೆಳಿಗ್ಗೆ ಓಡುವವನು, ಎಷ್ಟು ಓಡಿದೆ ಎಂದು ಊರಿಗೆಲ್ಲ ಫೋಟೋ ಕಳಿಸುವವನು. ನಾನೆಲ್ಲಿ ನಿಲ್ಲಬೇಕು ಸರ್ ಎಂದು ಅವಳು ಕೇಳಿದಳು. ಅವನು ಲಿಫ್ಟನ್ನು ನೋಡಿದ, ಅವಳನ್ನು ನೋಡಿದ, ಕೈಯಲ್ಲಿದ್ದ ಕಾಗದವನ್ನು ನೋಡಿದ. ಮೂರು ವಾರ ಸಭೆ ಮೇಲೆ ಸಭೆ ಮಾಡಿ ತಯಾರಿಸಿದ ಕಾಗದ. ಅಷ್ಟು ಸಭೆಗಳಲ್ಲಿ ಒಬ್ಬನಿಗೂ ಹೊಳೆಯದ ವಿಷಯ ಈಗ ಅವನ ತಲೆಗೆ ಇಳಿಯುತ್ತಿರುವುದು ಮಾಸ್ಕಿನ ಮೇಲಿನಿಂದಲೂ ಕಾಣುತ್ತಿತ್ತು. ಇಬ್ಬರಲ್ಲಿ ಒಬ್ಬಳು ಇವಳಾದರೆ, ಒಂದು ಸಲಕ್ಕೆ ಮೇಲೆ ಹೋಗುವವರು ಒಬ್ಬರೇ.

ತಪ್ಪಾಯಿತು ಎನ್ನುತ್ತಾನೆಂದು ಅವಳು ಕಾದಳು. ಅವನಿಗೆ ಅದಕ್ಕಿಂತ ಒಳ್ಳೆಯ ಉಪಾಯ ಹೊಳೆದಿತ್ತು. ಇನ್ನು ಮೇಲೆ ಜನ ತಾವೇ ನಡೆಸಿಕೊಳ್ಳಲಿ, ಅದರಲ್ಲೇನು ಮಹಾ ಇದೆ, ಹತ್ತು ನಿಮಿಷದಲ್ಲಿ ಕಲಿಯುವ ವಿದ್ಯೆ ಎಂದ. ಅವಳು ಕೆಳಗೆ ನಿಂತು ಬಂದವರ ಕೈಗೆ ಔಷಧಿ ಸಿಂಪಡಿಸಬಹುದು. ಅಲ್ಲೇ ಇದ್ದ ವಿಮಾ ಮ್ಯಾನೇಜರು ತಲೆಯಾಡಿಸಿದ. ಇಬ್ಬರೂ ಹಳದಿ ಪಾದಗಳ ಮೇಲೆ ನಿಂತರು. ಲಿಫ್ಟಕ್ಕ ಎಡ ಯಾವುದು, ಬಲ ಯಾವುದು ಎಂದು ಹೇಳಿ, ನಿಲ್ಲುವ ತನಕ ಬಾಗಿಲು ಮುಟ್ಟಬೇಡಿ ಎಂದು ಎರಡೆರಡು ಸಲ ಹೇಳಿ, ಹೊರಗೆ ನಿಂತಳು.

ಲಿಫ್ಟು ನಿಲ್ಲಬೇಕಾದ ಎರಡನೇ ಮಹಡಿ ದಾಟಿತು. ಕೆಳಗೆ ಬಂತು, ಮತ್ತೆ ತಪ್ಪಿತು. ಮತ್ತೆ ಮೇಲೆ. ಆಮೇಲೆ ಜಾಲರಿಯ ಕಿರ್ ಎಂಬ ಸದ್ದು ಕೇಳಿಸಿತು. ಮ್ಯಾನೇಜರಿಗೆ ತಾಳ್ಮೆ ಕೆಟ್ಟು, ನಿಲ್ಲುವ ಮೊದಲೇ ಬಾಗಿಲು ಎಳೆದಿದ್ದ. ಎಳೆದರೆ ವಿದ್ಯುತ್ತು ಕಡಿದು ಲಿಫ್ಟು ನಿಂತಲ್ಲೇ ನಿಲ್ಲುತ್ತದೆ. ನಿಂತಿತು, ಎರಡು ಮಹಡಿಗಳ ನಡುವೆ.

ಅವಳು ಮೆಟ್ಟಿಲು ಹತ್ತಿ ಹೋದಳು. ಮೆಟ್ಟಿಲು ಲಿಫ್ಟಿನ ಸುತ್ತಲೇ ಬಳಸಿಕೊಂಡು ಹೋಗುತ್ತದೆ. ಅವಳ ಎದೆಮಟ್ಟದಲ್ಲಿ ಎರಡು ಜೊತೆ ಮಿರಿಮಿರಿ ಮಿಂಚುವ ಬೂಟು ಕಂಡವು. ಬಾಗಿಲನ್ನು ಪೂರ್ತಿ ಮುಚ್ಚಿ ಕೆಳಗಿನ ಮೂಲೆಯನ್ನು ಮೊಣಕಾಲಿನಿಂದ ಒತ್ತಿ, ಟಕ್ ಎನ್ನಬೇಕು ಎಂದಳು. ಅವರು ಕೈಯಿಂದ ಒತ್ತಿದರು. ಮೊಣಕಾಲು ಎಂದಳು. ಅವರು ಒಬ್ಬರನ್ನೊಬ್ಬರು ಬೈದುಕೊಂಡರು. ಗೋಡೆಯ ಕಡೆ ಮುಖ ಮಾಡುವುದು, ಮಾತನಾಡದಿರುವುದು ಎಲ್ಲ ಗಾಳಿಗೆ ತೂರಿ, ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಇಬ್ಬರೂ ಜಾಲರಿಯ ಕಂಬಿಗೆ ಮೂಗು ತೂರಿಸಿ ಗಾಳಿ ಎಳೆದುಕೊಳ್ಳುತ್ತಿದ್ದರು. ಟಕ್ ಎಂದು ಲಿಫ್ಟು ಮತ್ತೆ ಕದಲಲು ಒಂಬತ್ತು ನಿಮಿಷ ಹಿಡಿಯಿತು. ಅವಳು ಗಡಿಯಾರ ನೋಡಿಕೊಂಡೇ ಇದ್ದಳು.

"ಅದರೊಳಗೆ ಮನುಷ್ಯ ಇರಕ್ಕಾಗುತ್ತೇನ್ರೀ!" ಎಂದ ಕಾರ್ಯದರ್ಶಿ, ಹೊರಗೆ ಬಂದು ಗೋಡೆ ಹಿಡಿದು.

ಲಿಫ್ಟಕ್ಕ ಅವನ ಮುಖವನ್ನೇ ನೋಡಿದಳು. ಈಗಲಾದರೂ ಅವನಿಗೆ ತಟ್ಟುತ್ತದೆ ಎಂದುಕೊಂಡಳು. ಅವನು ಬೆವರು ಒರೆಸಿಕೊಂಡು, ನೀರು ಕುಡಿದು, ಕಾಗದ ಬಿಚ್ಚಿ, ಉದಾರವಾಗಿ ಒಂದು ತೀರ್ಮಾನ ಕೊಟ್ಟ. "ಆಯ್ತು, ನೀವೇ ಇರಿ. ಇಬ್ಬರು, ಪ್ಲಸ್ ನೀವು."

"ಆಗ ಮೂರಾಗುತ್ತಲ್ಲ ಸರ್?"

"ನೀವು ಸ್ಟಾಫ್ ಅಲ್ವಾ. ನಿಮ್ಮನ್ನ ಲೆಕ್ಕಕ್ಕೆ ತಗೊಳ್ಳೋದು ಬೇಡ."

ಬೈಗುಳವಾಗಿದ್ದರೆ ಅವಳು ಅಲ್ಲೇ ತಿರುಗಿಸಿ ಕೊಡುತ್ತಿದ್ದಳೇನೋ. ಅವನು ಅದನ್ನು ಸಹಾಯ ಮಾಡುವವನ ಧಾಟಿಯಲ್ಲಿ, ಮೃದುವಾಗಿ ಹೇಳಿದ. ಅವಳು ಮೆಟ್ಟಿಲ ಕೆಳಗಿಂದ ಸ್ಟೂಲು ಎತ್ತಿ ತಂದು ಹಳದಿ ಪಾದಗಳ ಮೇಲೆ ದಬಕ್ಕನೆ ಇಟ್ಟು, ಮನೆಗೆ ಹೊರಟಳು. ಆ ನಲವತ್ತು ನಿಮಿಷದ ದಾರಿಯುದ್ದಕ್ಕೂ, ಕೊಡಬೇಕಾಗಿದ್ದ ಉತ್ತರಗಳು ಒಂದೊಂದಾಗಿ ಬಾಯಿಗೆ ಬಂದವು. ಇಂಥ ಉತ್ತರಗಳು ಯಾವತ್ತೂ ದಾರಿಯಲ್ಲೇ ಯಾಕೆ ಬರುತ್ತವೋ ಎಂದು ತನ್ನನ್ನೇ ಬೈದುಕೊಂಡಳು.

ಭಾನುವಾರ ಮಧ್ಯಾಹ್ನ ಊಟದ ತಟ್ಟೆ ತೊಳೆದಿಟ್ಟು ಅವಳು ಅಮ್ಮನಿಗೆ ತೀರ್ಮಾನ ಹೇಳಿದಳು. ಕೆಲಸ ಬಿಡುತ್ತೇನೆ. ನಿನ್ನ ಎದೆಯನ್ನು ಅವರ ಲಿಫ್ಟಿನಲ್ಲಿ ಅಡ ಇಡಲಾರೆ. ಎಲ್ಲಾದರೂ ಮೆಟ್ಟಿಲು ಒರೆಸುತ್ತೇನೆ, ಮೆಟ್ಟಿಲಿಗಾದರೆ ಗಾಳಿ ಬರುತ್ತದೆ.

 ಅದಕ್ಕೆ ಅಮ್ಮ ಗಿರಣಿಯ ಮಾತು ತೆಗೆದಳು. ಅಮ್ಮ ಗಿರಣಿಯ ಮಾತು ತೆಗೆಯುವುದು ಕಡಿಮೆ. ತೆಗೆದರೂ ಗೆಳತಿಯರ ಜಗಳ, ಮೇಸ್ತ್ರಿಯ ಮೀಸೆ, ಇಂಥದ್ದೇ.

"ಗಾಳಿ ತಾಗಿದ್ರೆ ನೂಲು ಕಿತ್ತೋಗುತ್ತೆ ಅಂತ ಕಿಟಕಿಗೆಲ್ಲ ಮೊಳೆ ಹೊಡೆದಿದ್ರು," ಎಂದಳು. "ಇಪ್ಪತ್ತಾರು ವರ್ಷ ನಾನೂ ಅದನ್ನೇ ಹೇಳ್ಕೊಂಡು ಬಂದೆ. ಹೊಸದಾಗಿ ಬಂದ ಹುಡುಗೀರು ಸೆಖೆ ಅಂದ್ರೆ, ಸುಮ್ನಿರಿ, ನೂಲು ಕಿತ್ತೋಗುತ್ತೆ ಅಂತ ನಾನೇ ಗದರಿಸ್ತಿದ್ದೆ. ನೂಲು ಚೆನ್ನಾಗಿತ್ತು. ನನ್ನ ಎದೆ ಹೇಗಿದೆ ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಮೇಲೆ ಸಿಟ್ಟು ಯಾವಾಗ್ಲೋ ಮುಗೀತು. ನನ್ನ ಮೇಲೆ ಇನ್ನೂ ಮುಗಿದಿಲ್ಲ."

ಕೆಮ್ಮು ಬಂತು. ಲಿಫ್ಟಕ್ಕ ಬೆನ್ನು ನೀವಲು ಕೈ ಚಾಚಿದರೆ ಅಮ್ಮ ಕೈಯನ್ನು ತಳ್ಳಿದಳು.

"ನನ್ನ ನೆಪ ಹೇಳಿ ಕೆಲಸ ಬಿಡಬೇಡ. ಬಿಟ್ರೆ ಆ ಸ್ಟೂಲ್ ಮೇಲೆ ಇನ್ನೊಬ್ಬಳನ್ನ ಕೂರಿಸ್ತಾರೆ, ಅವಳಿಗೂ ಮನೇಲಿ ಯಾರೋ ಇರ್ತಾರೆ. ಹೋಗು. ಹೋಗೋವಾಗ ಬಾಯಿ ಮನೇಲಿ ಬಿಟ್ಟು ಹೋಗಬೇಡ."

ಅವತ್ತು ಸಂಜೆಯೊಳಗೆ ಇಬ್ಬರೂ ಸೇರಿ ತಮ್ಮದೇ ನಿಯಮಾವಳಿ ಮಾಡಿದರು. ಅದಕ್ಕೆ ಹನ್ನೊಂದು ಪುಟ ಬೇಕಾಗಲಿಲ್ಲ, ಸಾಮಾನಿನ ಚೀಟಿಯ ಬೆನ್ನು ಸಾಕಾಯಿತು. ಕೋಣೆ ಅಮ್ಮನಿಗೆ, ಅಡುಗೆಮನೆ ಮಗಳಿಗೆ. ತಟ್ಟೆ ಲೋಟ ಬೇರೆ. ಕೆಲಸದಿಂದ ಬಂದವಳು ಹಿತ್ತಲ ನಲ್ಲಿಯಲ್ಲಿ ಕೈಕಾಲು, ಬಟ್ಟೆ ತೊಳೆದೇ ಒಳಗೆ. ತಲೆ ಬಾಚಿಕೊಳ್ಳುವುದನ್ನು ಅಮ್ಮ ತಾನೇ ಮಾಡಿಕೊಳ್ಳುತ್ತೇನೆಂದಳು, ಅದಕ್ಕೆ ಮಾತ್ರ ಲಿಫ್ಟಕ್ಕನಿಗೆ ಅಳು ಬಂತು. ಇನ್ನು ಲಿಫ್ಟಿನದು. ಒಂದು ಸಲಕ್ಕೆ ಒಬ್ಬರೇ. ಮೆಟ್ಟಿಲು ಹತ್ತಲಾಗದವರಿಗೆ ಮೊದಲು. ಹತ್ತಲಾಗುವವರು ಹತ್ತಲಿ, ಕಾಲಿರುವುದು ಅದಕ್ಕೇ.

ಸೋಮವಾರ ಬೆಳಿಗ್ಗೆ ಕೆಳಗಿನ ವರಾಂಡದಲ್ಲಿ ಸಾಲು ಬಾಗಿಲ ತನಕ ಬೆಳೆದಿತ್ತು. ಕಾವಲುಗಾರ ಒಬ್ಬೊಬ್ಬರ ಹಣೆಗೆ ಪಿಸ್ತೂಲು ಹಿಡಿಯುತ್ತಿದ್ದ. ಸಾಲಿನ ಮುಂದಿದ್ದವಳು ನಾಲ್ಕನೇ ಮಹಡಿಯ ವಕೀಲರ ಟೈಪಿಸ್ಟು. ಅವಳ ಒಂದು ಕಾಲಿಗೆ ಕಬ್ಬಿಣದ ಪಟ್ಟಿ. ಅವಳೊಬ್ಬಳನ್ನೇ ಹತ್ತಿಸಿಕೊಂಡು ಲಿಫ್ಟಕ್ಕ ಮೇಲೆ ಹೋದಳು. ಸಾಲಿನಲ್ಲಿ ಗೊಣಗಾಟ ಎದ್ದಿತು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಳಗೆ ಬರುವಷ್ಟರಲ್ಲಿ ಕಾರ್ಯದರ್ಶಿ ಸಾಲನ್ನು ಬಳಸಿಕೊಂಡು ಮುಂದೆ ಬಂದಿದ್ದ. ಜೊತೆಗೆ ವಿಮಾ ಮ್ಯಾನೇಜರು. ಇಬ್ಬರೂ ಒಳಗೆ ಬಂದು, ನಿಯಮದ ಪ್ರಕಾರ ಅವಳಿಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ನಿಂತರು. ತಪ್ಪು ಮಾಡಿದ ಶಾಲೆಯ ಮಕ್ಕಳಂತೆ ಕಾಣುತ್ತಿದ್ದರು.

ಲಿಫ್ಟಕ್ಕ ಬಾಗಿಲು ಹಾಕಲಿಲ್ಲ. ಕೈಯನ್ನು ಹಿಡಿಯ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಕಾರ್ಯದರ್ಶಿ ಗೋಡೆಗೇ ಕೇಳಿದ, ಏನಾಯಿತು ಎಂದು.

"ಇಬ್ಬರೇ ಸರ್. ಒಬ್ಬಳು ನಾನು. ನಿಮ್ಮಲ್ಲಿ ಒಬ್ಬರು ಇಳೀಬೇಕು."

ಅವನು ತಿರುಗಿದ. ಶನಿವಾರ ಮಾತಾಡಿದ್ದೆವಲ್ಲ ಎಂದ. ನೀವು ಮಾತಾಡಿದಿರಿ, ನಾನು ಆಡಿರಲಿಲ್ಲ ಎಂದಳು ಅವಳು.  ಮನೆಯಲ್ಲಿ ಅರ್ಧ ಎದೆಯ ಅಮ್ಮನಿದ್ದಾಳೆ, ನಾನು ಉಸಿರಾಡಿದ್ದು ಅವಳಿಗೆ ಹೋಗುತ್ತದೆ. ನೀವು ಒಂಬತ್ತು ನಿಮಿಷ ಇದ್ದು ಗೋಡೆ ಹಿಡಿದಿರಿ, ನಾನು ಎಂಟು ಗಂಟೆ ಇರುತ್ತೇನೆ. ಇಷ್ಟನ್ನೂ ಸಾಲಿನವರಿಗೆಲ್ಲ ಕೇಳುವಂತೆ ಹೇಳಿದಳು.  ಹಲ್ಲುನೋವಿಗೆ ಕೆನ್ನೆ ಹಿಡಿದುಕೊಂಡು ನಿಂತಿದ್ದವನೊಬ್ಬ, ಯಾರಾದರೂ ಒಬ್ಬರು ಬೇಗ ಇಳೀರಿ ಸ್ವಾಮಿ ಎಂದು ನರಳಿದ.

ಮ್ಯಾನೇಜರಿಗೆ ಹಿಂದಿನ ವರ್ಷ ಮಂಡಿಯ ಆಪರೇಷನ್ ಆಗಿತ್ತು. ಆರು ತಿಂಗಳು ಕೋಲು ಹಿಡಿದು ಓಡಾಡಿದ್ದನ್ನು ಕಟ್ಟಡವೆಲ್ಲ ನೋಡಿತ್ತು. ಅವರು ಇರಲಿ, ನೀವು ಓಡುವವರು ಎಂದಳು ಲಿಫ್ಟಕ್ಕ. ಕಾರ್ಯದರ್ಶಿಯ ಕಿವಿ ಕೆಂಪಾಯಿತು. ಇಳಿದ. ಐದನೇ ಮಹಡಿಯಲ್ಲಿರುವ ತನ್ನ ಕಚೇರಿಗೆ, ಲಿಫ್ಟಿನ ಸುತ್ತ ಬಳಸಿಕೊಂಡು ಹೋಗುವ ಮೆಟ್ಟಿಲಲ್ಲಿ, ದಡದಡ ಹತ್ತಿದ. ಮ್ಯಾನೇಜರು ಎರಡನೇ ಮಹಡಿ ತಲುಪುವ ತನಕ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ಅವಳು ಅವನನ್ನು ಮಹಡಿಗೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ ಸಮಕ್ಕೆ ಇಳಿಸಿದಳು.

ಮಧ್ಯಾಹ್ನ ಮೂರಕ್ಕೆ ಟೈಪಿಸ್ಟು ಮೇಲಿಂದ ಗಂಟೆ ಬಾರಿಸಿದಳು. ಕೈಯಲ್ಲಿ ಒಂದು ಲಕೋಟೆ, ಮುಖ ಸಣ್ಣಗಾಗಿತ್ತು. ಸಂಘದ ಕಾಗದಪತ್ರಗಳನ್ನೂ ಅವಳೇ ಟೈಪು ಮಾಡುವುದು.

"ನಾನೇ ಹೊಡೆದದ್ದು ಅಕ್ಕ, ಬೇಜಾರಾಗಬೇಡಿ," ಎಂದಳು. "ನಿಮ್ಮ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಳೇ ಫೈಲೆಲ್ಲ ಕೆಳಗಿಳಿಸಿ ಹುಡುಕಬೇಕಾಯ್ತು."

ಕಾರಣ ಕೇಳುವ ನೋಟಿಸು. ಕರ್ತವ್ಯದಲ್ಲಿ ಅವಿಧೇಯತೆ, ಪದಾಧಿಕಾರಿಯನ್ನು ಸಾರ್ವಜನಿಕವಾಗಿ ಲಿಫ್ಟಿನಿಂದ ಇಳಿಸಿದ್ದು, ಇಪ್ಪತ್ತನಾಲ್ಕು ಗಂಟೆಯೊಳಗೆ ಲಿಖಿತ ಉತ್ತರ ಕೊಡತಕ್ಕದ್ದು. ಕೆಳಗೆ ಕಾರ್ಯದರ್ಶಿಯ ಸಹಿ, ಮೇಲ್ಗಡೆ ಅವಳ ಹೆಸರು ಇತ್ತು. ಪೂರ್ತಿ ಹೆಸರು, ತಂದೆಯ ಹೆಸರು, ವಯಸ್ಸು, ಸೇರಿದ ತಾರೀಖು, ಎಲ್ಲ ಇದ್ದವು. ಸೇರಿದ ದಿನ ಬಿಟ್ಟರೆ ಇಪ್ಪತ್ತೆರಡು ವರ್ಷದಲ್ಲಿ ಆ ಕಟ್ಟಡ ಅವಳ ಹೆಸರು ಬರೆದದ್ದು ಅದೇ ಮೊದಲು. ಅವಳು ಎರಡು ಸಲ ಓದಿದಳು.  ಈ ಸಲ ಉತ್ತರಕ್ಕಾಗಿ ಮನೆಯ ದಾರಿ ಹಿಡಿಯಬೇಕಾಗಲಿಲ್ಲ.

ಟೈಪಿಸ್ಟಿನ ಪೆನ್ನು ಈಸಿಕೊಂಡು, ಸ್ಟೂಲಿನ ಮೇಲೆ ಕೂತು, ನೋಟಿಸಿನ ಬೆನ್ನಿಗೇ ದುಂಡಗೆ ಬರೆದಳು:

"ಇವತ್ತು ಬೆಳಿಗ್ಗೆ ಲಿಫ್ಟಿನಲ್ಲಿ ಮೂರು ಜನ ಇದ್ದೆವು. ನಿಯಮದ ಪ್ರಕಾರ ಇಬ್ಬರೇ ಇರತಕ್ಕದ್ದು. ಹೆಚ್ಚಾದ ಒಬ್ಬರನ್ನು ಇಳಿಸಿದೆ. ಅದು ನೀವು."